ಸಾಕ್ಷಿ ನಂಬರ್ ಎರಡು

ಜೂನ್ 3, ಮಂಗಳವಾರ. ಮಧ್ಯಾಹ್ನ 1.20

ಬೆಳಿಗ್ಗೆಯಿಂದ ನನ್ನ ಆನ್‌ಲೈನ್ ಸೆಂಟರ್ ತುಂಬ ಜನ. ಪಹಣಿ, ಆಧಾರ್, ಮತ್ತೆ ಪಹಣಿ. ಶಾಕಿರ್ ಭಾಯ್ ಪಿಕಪ್‌ಗೆ ಕೋರ್ಟಿನಿಂದ ನೋಟಿಸ್ ಬಂದಿದೆ. ಅರೆಸ್ಟ್ ಮಾಡ್ತಾರೆ ಅಂತ ಹೆದರಿ ನಿನ್ನೆಯಿಂದ ಊಟ ಬಿಟ್ಟಿದ್ದಾರೆ. ಗಾಡಿ ನಂಬರ್ ಹಾಕಿದೆ, ಎರಡು ನಿಮಿಷ. ಸೀಟ್ ಬೆಲ್ಟ್ ಕೇಸು, ಹೋದ ವರ್ಷದ್ದು. ಲೋಕ್ ಅದಾಲತ್‌ನಲ್ಲಿ ಮುಗಿಯುತ್ತದೆ ಅಂದೆ.

"ನೀನು ಲಾಯರ್ ಆಗ್ಬೇಕಿತ್ತು ಮಾರಾಯ್ತಿ" ಅಂದರು.

ಆಗಬೇಕಿತ್ತು, ನಿಜ. ಇಡೀ ಬಣಕಲ್‌ನಲ್ಲಿ ಕೋರ್ಟಿನ ವೆಬ್‌ಸೈಟ್ ನನ್ನಷ್ಟು ಸಲೀಸಾಗಿ ತೆರೆಯುವವರು ಇನ್ನೊಬ್ಬರಿಲ್ಲ.

3.45

ಸ್ಕೂಲ್ ಗ್ರೂಪಿನಲ್ಲಿ ಹೆಡ್‌ಮಿಸ್ ಮೆಸೇಜ್. ಹೊಸ ವ್ಯಾನ್ ಡ್ರೈವರ್ — ಫಯಾಜ್. ಫೋಟೋ ಬೇರೆ.

ನನ್ನ ತಮ್ಮನನ್ನು ಕೊಂದವನು. 2017ರ ನವೆಂಬರ್, ಅಮ್ಮನ ಅಂಗಡಿ ಎದುರಿನ ತಿರುವು, ಇವನ ಜೀಪು, ತನ್ಮಯನ ಬೈಕು. ತನ್ಮಯನಿಗೆ ಇಪ್ಪತ್ತೆರಡು. ಇವನು ಫೈನ್ ಕಟ್ಟಿ ಬಿಡಿಸಿಕೊಂಡ ಅಂತ ಊರೆಲ್ಲ ಮಾತು. ಆಮೇಲೆ ದೇವರಮನೆ ಗುಡ್ಡಕ್ಕೆ ಟೂರಿಸ್ಟ್ ಹೊಡೆದುಕೊಂಡು ಆರಾಮಾಗಿದ್ದ. ಈಗ ನನ್ನ ಪುಟ್ಟಿಯನ್ನು ಇವನ ಗಾಡಿಗೆ ಹತ್ತಿಸಬೇಕೇ?

ಯೋಚನೆ ಮಾಡಲಿಲ್ಲ. ಗ್ರೂಪಿನಲ್ಲಿ ಬರೆದೆ: ಈ ಡ್ರೈವರ್ ಮೇಲೆ ಸಾವಿನ ಕೇಸ್ ಆಗಿದೆ. ಕೋರ್ಟ್ ದಾಖಲೆ ತಂದು ತೋರಿಸ್ತೇನೆ — ದೀಪಶ್ರೀ.

ಥಂಬ್ಸ್ ಅಪ್ ಬಂದವು, ಒಂದರ ಹಿಂದೆ ಒಂದು. ಹೆಡ್‌ಮಿಸ್ ಫೋನ್ ಮಾಡಿದರು. ಹದಿನಾಲ್ಕಕ್ಕೆ ಮೀಟಿಂಗ್, ಅಲ್ಲಿಯವರೆಗೆ ಫಯಾಜ್‌ನನ್ನು ತೆಗೆದುಕೊಳ್ಳುವುದಿಲ್ಲ.

ಹನ್ನೊಂದು ದಿನ. ನನಗೆ ಅಷ್ಟು ಬೇಡ.

ಜೂನ್ 4, ಬುಧವಾರ

ವೆಬ್‌ಸೈಟಿನಲ್ಲಿ ಫಯಾಜ್ ಹೆಸರಿನಲ್ಲಿ ಕೇಸ್ ಸಿಗಲಿಲ್ಲ. ಝಡ್ ಹಾಕಿ ನೋಡಿದೆ, ಜೆ ಹಾಕಿ ನೋಡಿದೆ, ಎರಡು ಎ ಹಾಕಿ ನೋಡಿದೆ. ಟೈಪ್ ಮಾಡಿದವರು ಹೆಸರು ಹೇಗೆ ಕೇಳಿಸಿಕೊಂಡರೋ ಯಾರಿಗೆ ಗೊತ್ತು. ಎಫ್ಐಆರ್ ನಂಬರ್ ಇದ್ದರೆ ತಪ್ಪಿಸಿಕೊಳ್ಳಲಾಗದು. ಮನೆಗೆ ಹೋಗಿ ಟ್ರಂಕ್ ತೆಗೆದೆ. ಪೋಸ್ಟ್‌ಮಾರ್ಟಂ ಕಾಗದದ ಮೂಲೆಯಲ್ಲಿ ಇತ್ತು.

ಅಮ್ಮ ಬಾಗಿಲಲ್ಲಿ. "ಏನ್ ಹುಡುಕ್ತಿದೀಯೇ?"

"ತನ್ಮಯನ ಪೇಪರ್."

"ಅದೆಲ್ಲ ಮುಗ್ದಿದ್ದಲ್ವಾ... ಬಿಡು."

ಬಿಡುವವಳಾ ನಾನು? ಠಾಣೆ, ನಂಬರ್, ವರ್ಷ ಹಾಕಿದೆ. ಬಂತು. ಸೆಕ್ಷನ್ 279, 304-ಎ, ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು. ಆರೋಪಿ: ಪಯಾಜ್. 'ಪ' ಹಾಕಿದ್ದರು! ಕೇಸ್ ಇತ್ಯರ್ಥ 2020 ಜನವರಿ. ಇತ್ಯರ್ಥದ ಬಗೆ — ಖುಲಾಸೆ.

ಫೈನ್ ಅಲ್ಲ. ಖುಲಾಸೆ.

ಹಾಗಾದರೆ ಯಾರೋ ಸಾಕ್ಷಿ ತಿರುಗಿಸಿದ್ದಾರೆ. ಯಾರು ಅಂತ ಕಂಡುಹಿಡಿಯದೆ ಬಿಡುವುದಿಲ್ಲ.

ಜೂನ್ 6, ಶುಕ್ರವಾರ. ಸಂಜೆ

ಸೆಂಟರ್‌ಗೆ ಬೀಗ ಹಾಕಿ ಮೂಡಿಗೆರೆಗೆ ಹೋದೆ. ಕೋರ್ಟ್ ಎದುರು ವಿಶ್ವನಾಥ್ ವಕೀಲರ ಆಫೀಸು. ನನ್ನ ಪ್ರಿಂಟ್‌ಔಟ್ ನೋಡಿ ನಕ್ಕರು.

"ಅರ್ಧ ಕೆಲ್ಸ ನೀವೇ ಮಾಡ್ಕೊಂಡ್ ಬಂದಿದೀರಿ. ಆದ್ರೆ ಇದು ಬರೀ ಹೊದಿಕೆ. ಒಳಗೆ ಏನಾಯ್ತು ಅಂತ ಗೊತ್ತಾಗ್ಬೇಕಾದ್ರೆ ತೀರ್ಪು ಬೇಕು, ಸಾಕ್ಷಿಗಳ ಹೇಳಿಕೆ ಬೇಕು, ಸ್ಥಳ ಮಹಜರು ಬೇಕು."

ನಕಲಿಗೆ ಅರ್ಜಿ ಬರೆಸಿದರು. ಮೃತನಿಗೆ ಏನಾಗಬೇಕು ಅಂತ ಒಂದು ಕಾಲಂ. ಅಕ್ಕ ಅಂತ ಬರೆದೆ.

"ಸಾಕ್ಷಿ ತಿರುಗಿಬಿದ್ರೆ ಗೊತ್ತಾಗುತ್ತಾ ಸರ್?"

"ಬರ್ದಿರ್ತಾರೆ, ಪ್ರತಿಕೂಲ ಸಾಕ್ಷಿ ಅಂತ. ಆದ್ರೆ ಒಂದ್ ಮಾತು. ಪ್ರತಿಕೂಲ ಅಂದ್ರೆ ಸುಳ್ಳು ಹೇಳಿದ್ರು ಅಂತಲ್ಲ. ಮೊದ್ಲು ಬರ್ಕೊಂಡ ಹೇಳಿಕೆಗೂ ಕಟಕಟೇಲಿ ಹೇಳಿದ್ದಕ್ಕೂ ಹೊಂದ್ಲಿಲ್ಲ, ಅಷ್ಟೇ. ಎರಡ್ರಲ್ಲಿ ಯಾವ್ದು ನಿಜ ಅಂತ ಓದಿ ನೋಡ್ಬೇಕು."

ತಲೆಯಾಡಿಸಿ ಬಂದೆ. ವಕೀಲರು ಹಾಗೇ, ಎರಡೂ ಕಡೆ ಮಾತಾಡುತ್ತಾರೆ.

ಜೂನ್ 11, ಬುಧವಾರ. 12.30, ಮೂಡಿಗೆರೆ ಬಸ್ ಸ್ಟ್ಯಾಂಡ್

ನಕಲು ಸಿಕ್ಕಿತು. ಮೂವತ್ತೊಂದು ಹಾಳೆ, ಎಲ್ಲದಕ್ಕೂ ಸೀಲು. ಒಂದು ಬಸ್ ಬಿಟ್ಟೆ. ಇನ್ನೊಂದೂ ಬಿಟ್ಟೆ.

ಸಾಕ್ಷಿ ಒಂದು, ಬೀಡಾ ಅಂಗಡಿಯವ. ಶಬ್ದ ಕೇಳಿ ಓಡಿಬಂದೆ, ನೋಡಿಲ್ಲ ಅಂದಿದ್ದಾನೆ.

ಸಾಕ್ಷಿ ಎರಡು. ಹೆಸರು: ವಿಮಲಮ್ಮ. ಕಸುಬು: ಅಂಗಡಿ. ಮೃತನ ತಾಯಿ.

ಕೆಳಗೆ — "ಈ ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಲಾಗಿದೆ."

ಅಮ್ಮ.

ಸರ್ಕಾರಿ ವಕೀಲರು ಅಮ್ಮನನ್ನೇ ಪಾಟೀಸವಾಲು ಮಾಡಿದ್ದಾರೆ. ಉತ್ತರಗಳು ಹೀಗಿವೆ, ನೋಡಿಕೊಂಡು ಬರೆಯುತ್ತಿದ್ದೇನೆ:

"ಜೀಪು ಅತಿವೇಗವಾಗಿ ಬಂತು ಎಂದು ನಾನು ಪೊಲೀಸರ ಮುಂದೆ ಹೇಳಿಲ್ಲ. ಜೀಪು ಎಡಗಡೆಯಲ್ಲೇ ಇತ್ತು. ನನ್ನ ಮಗ ತಿರುವಿನಲ್ಲಿ ಬಲಕ್ಕೆ ಬಂದನು. ಅವನ ಒಂದು ಕೈಯಲ್ಲಿ ಮೊಬೈಲ್ ಇತ್ತು, ಮಾತಾಡುತ್ತಿದ್ದನು. ಆರೋಪಿಯಿಂದ ನಾನು ಏನನ್ನೋ ಪಡೆದು ಸುಳ್ಳು ಹೇಳುತ್ತಿದ್ದೇನೆ ಎಂಬುದು ಸರಿಯಲ್ಲ. ಯಾರ ಫೋನ್ ಎಂದು ನನಗೆ ಗೊತ್ತಿಲ್ಲ."

ಯಾರ ಫೋನ್.

ಆ ದಿನ ನಾಲ್ಕು ಗಂಟೆಗೆ ನಾನು ಮಾಡಿದ್ದೆ. ಮೂಡಿಗೆರೆಯಿಂದ ಬರುವಾಗ ಬ್ಲೌಸ್ ತರಲು ಹೇಳಿದ್ದೆ, ತಂದನೋ ಇಲ್ಲವೋ ಅಂತ ಕೇಳಲು. "ತಂದೆ ಮಾರಾಯ್ತಿ, ಬಂದೇ ಬಿಟ್ಟೆ" ಅಂದ. ಕಟ್ ಆಯಿತು. ಗಾಡಿ ನಿಲ್ಲಿಸಿ ಮಾತಾಡಿದ, ಆಮೇಲೆ ಹೊರಟ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಂದುಕೊಂಡಿದ್ದೆನಾ? ಯಾರಿಗೂ ಹೇಳಿರಲಿಲ್ಲವಲ್ಲ.

ಸಂಜೆ 6.15

ಅಮ್ಮ ಅಂಗಡಿಯಲ್ಲಿ ಬೀನ್ಸ್ ಸೋಸುತ್ತಿದ್ದಳು. ಹಾಳೆ ಮುಂದಿಟ್ಟೆ. ಓದಲಿಲ್ಲ, ಸೀಲು ನೋಡಿದಳು, ಸಾಕಾಯಿತು.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಆಗ ಬಾಣಂತಿ. ಎರಡು ತಿಂಗಳ ಕೂಸು."

"ಆಮೇಲೆ?"

"ಆಮೇಲೆ ಏನಂತ ಹೇಳ್ಲಿ? ಪೊಲೀಸ್ರು ಬಂದಾಗ ನಂಗೆ ಮಾತೇ ಹೊರಡ್ಲಿಲ್ಲ. ಸುತ್ತ ನಿಂತೋರು ಹೇಳಿದ್ದನ್ನ ನನ್ ಹೆಸರಲ್ಲಿ ಬರ್ಕೊಂಡ್ರು. ಕೋರ್ಟಲ್ಲಿ ಪ್ರಮಾಣ ಮಾಡ್ಸಿದ್ರು. ಕಂಡಿದ್ದು ಹೇಳ್ದೆ. ನನ್ ಮಗ ಹೋದ ಅಂತ ಇನ್ನೊಬ್ರ ಮಗನ್ನ ಜೈಲಿಗೆ ಕಳ್ಸೋಕಾಗುತ್ತಾ?"

ಆಮೇಲೆ ಕೇಳಿಬಿಟ್ಟೆ.

"ಫೋನ್ ಯಾರ್ದು ಅಂತ ಗೊತ್ತಿಲ್ಲ ಅಂದಿದೀಯ."

ಅಮ್ಮ ಬೀನ್ಸ್ ಬಿಡಲಿಲ್ಲ. "ರಸ್ತೆ ಮೇಲಿಂದ ಅದನ್ನ ಎತ್ತಿದ್ದು ನಾನೇ. ಗ್ಲಾಸ್ ಒಡ್ದಿತ್ತು. ಹೆಸ್ರು ಕಾಣ್ತಿತ್ತು, ಅಕ್ಕ ಅಂತ." ಮತ್ತೆ, "ಅದೊಂದು ಸುಳ್ಳು ಹೇಳ್ದೆ. ದೇವ್ರು ಏನ್ ಬೇಕಾದ್ರೂ ಮಾಡ್ಲಿ. ಒಂದ್ ಮಗೂನ ಕಳ್ಕೊಂಡಿದ್ದೆ, ಇನ್ನೊಂದು ಮನೇಲಿತ್ತು."

ಅಂಗಡಿಗೆ ಯಾರೋ ಮೊಟ್ಟೆಗೆ ಬಂದರು. ಅಮ್ಮ ಎದ್ದು ಕೊಟ್ಟಳು. ನಾನು ಕೂತಲ್ಲೇ ಕೂತಿದ್ದೆ.

ಜೂನ್ 14, ಶನಿವಾರ

ಎರಡು ದಿನ ಸೆಂಟರ್ ತೆಗೆಯಲಿಲ್ಲ. ಇವತ್ತು ಮೀಟಿಂಗ್.

ಗ್ರೂಪಿನಲ್ಲಿ ಮೆಸೇಜ್ ಡಿಲೀಟ್ ಮಾಡಿ ಸುಮ್ಮನಿರಬಹುದಿತ್ತು. ಗಂಡ ಅದನ್ನೇ ಹೇಳಿದ. ಆದರೆ ಆ ಹತ್ತು ಪದ ಎಲ್ಲರ ತಲೆಯಲ್ಲಿವೆ, ಅಲ್ಲಿಂದ ಡಿಲೀಟ್ ಆಗುವುದಿಲ್ಲ. ದಾಖಲೆ ತರ್ತೇನೆ ಅಂದಿದ್ದೆ. ತಂದೆ.

ಐವತ್ತು ಜನ ಇದ್ದರು. ಫಯಾಜ್ ಹಿಂದಿನ ಬೆಂಚಿನಲ್ಲಿ, ಯುಕೆಜಿ ಬೆಂಚು, ಮಂಡಿ ಎದೆಗೆ ತಾಗುತ್ತಿತ್ತು. ಕೂದಲು ಅರ್ಧ ಬಿಳಿ. ನನಗಿಂತ ಎರಡೇ ವರ್ಷ ದೊಡ್ಡವನು.

ನಿಂತು ಓದಿದೆ. ಕೋರ್ಟ್ ಭಾಷೆ ಬಂದಲ್ಲಿ ನಿಲ್ಲಿಸಿ ಅರ್ಥ ಹೇಳಿದೆ. ನನಗೆ ಅದು ಚೆನ್ನಾಗಿ ಬರುತ್ತದೆ. ಖುಲಾಸೆ ಅಂದರೆ ದುಡ್ಡು ಕೊಟ್ಟು ಬಿಡಿಸಿಕೊಂಡದ್ದಲ್ಲ. ಪ್ರತಿಕೂಲ ಅಂದರೆ ದ್ರೋಹ ಅಲ್ಲ. ಸಾಕ್ಷಿ ನಂಬರ್ ಎರಡು ನನ್ನ ತಾಯಿ.

ಮುಂದಿನ ಸಾಲಿನಿಂದ ಒಬ್ಬರು, "ಫೋನ್ ಯಾರ್ದಂತೆ?"

"ನಂದು" ಅಂದೆ. "ಅದು ಇದರಲ್ಲಿಲ್ಲ. ನಾನೇ ಹೇಳ್ತಿದೀನಿ."

ಹಾಳೆ ಮಡಚಿಕೊಂಡು ಕೂತೆ.

ಹೆಡ್‌ಮಿಸ್ ಕೇಳಿದರು, ಯಾರದ್ದಾದರೂ ಆಕ್ಷೇಪಣೆ ಇದೆಯಾ ಅಂತ. ಯಾರೂ ಮಾತಾಡಲಿಲ್ಲ. ಸೋಮವಾರದಿಂದ ವ್ಯಾನು.

ಗೇಟಿನ ಹತ್ತಿರ ಫಯಾಜ್ ಕಾಯುತ್ತಿದ್ದ. ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ.

"ತಪ್ಪಾಯ್ತು" ಅಂದೆ ನಾನೇ ಮೊದಲು.

ಅವನು ನನ್ನ ಕೈಯಲ್ಲಿದ್ದ ಹಾಳೆಗಳನ್ನೇ ನೋಡುತ್ತಿದ್ದ.

"ಅದ್ರಲ್ಲಿ... ನಾನು ಬ್ರೇಕ್ ಹಾಕಿದ್ದು ಬರ್ದಿದಾರಾ ಮೇಡಂ?"

"ನಿಮ್ಮ ಹತ್ರ ಕಾಪಿ ಇಲ್ವಾ?"

"ನಾನ್ಯಾಕೆ ತರ್ಲಿ? ಬಿಟ್ಟಿದೀವಿ ಹೋಗು ಅಂದ್ರು, ಬಂದೆ. ಯಾಕ್ ಬಿಟ್ರು ಅಂತ ಕೇಳೋ ಧೈರ್ಯ ಇರ್ಲಿಲ್ಲ. ನಂಗೆ ಓದಕ್ಕೂ ಅಷ್ಟಾಗಿ ಬರಲ್ಲ. ಬ್ರೇಕ್ ಒತ್ತಿದ್ದು ಕಾಲಿಗೆ ನೆನಪಿದೆ. ಆದ್ರೆ ಲೇಟಾಯ್ತೇನೋ ಅಂತ... ಇಷ್ಟು ವರ್ಷ ಅದೇ."

ಸೋಮವಾರ ಮಕ್ಕಳನ್ನು ಬಿಟ್ಟು ಸೆಂಟರ್‌ಗೆ ಬನ್ನಿ ಅಂದೆ. ಪೂರ್ತಿ ಓದಿ ಹೇಳ್ತೇನೆ ಅಂದೆ.

ಜೂನ್ 16, ಸೋಮವಾರ. 9.25

ಎಂಟು ಗಂಟೆಗೆ ವ್ಯಾನ್ ಬಂತು. ಪುಟ್ಟಿ ಕಿಟಕಿ ಸೀಟಿಗೆ ಜಗಳ ಮಾಡಿ ಗೆದ್ದಳು. ಅಮ್ಮ ಅಂಗಡಿಯಿಂದ ಇಳಿದು ರಸ್ತೆವರೆಗೂ ಬಂದು ನಿಂತಳು. ಫಯಾಜ್ ಅಮ್ಮನಿಗೆ ತಲೆಬಾಗಿಸಿದ. ಅಮ್ಮ "ನಿಧಾನ" ಅಂದಳು, ಎಲ್ಲರಿಗೂ ಹೇಳುವ ಹಾಗೆ.

ಜೆರಾಕ್ಸ್ ಮಾಡಿ ಪಿನ್ ಹಾಕಿಟ್ಟಿದ್ದೇನೆ. ಸ್ಥಳ ಮಹಜರು ಇಪ್ಪತ್ತಾರನೇ ಹಾಳೆ. ಬಸ್ ಸ್ಟ್ಯಾಂಡಿನಲ್ಲಿ ಅಲ್ಲಿಯವರೆಗೆ ಓದಿರಲಿಲ್ಲ, ಈಗ ಓದಿದೆ. ಡಾಂಬರಿನ ಮೇಲೆ ಜೀಪಿನ ಚಕ್ರ ಉಜ್ಜಿದ ಗುರುತು, ರಸ್ತೆಯ ಎಡ ಅಂಚಿನಲ್ಲಿ, ಇಪ್ಪತ್ತೆರಡು ಅಡಿ. ಟೇಪ್ ಹಿಡಿದು ಅಳೆದಿದ್ದಾರೆ. ಬೈಕ್ ಬಿದ್ದ ಜಾಗಕ್ಕೂ ಮೊದಲೇ ಜೀಪು ನಿಂತಿತ್ತು. ಆ ಸಾಲುಗಳ ಕೆಳಗೆ ಗೆರೆ ಎಳೆದಿಟ್ಟೆ. ಮೊದಲು ಇದನ್ನೇ ಓದಬೇಕು, ಆಮೇಲೆ ಉಳಿದದ್ದು.

ಎದುರಿಗೆ ಕುರ್ಚಿ ಹಾಕಿದೆ. ಪಹಣಿಗೆ ಬಂದವರಿಗೆ ಹತ್ತೂವರೆ ಮೇಲೆ ಬನ್ನಿ ಅಂದೆ.

ವ್ಯಾನ್ ನಿಂತಿತು. ಇಳಿದ, ಚಪ್ಪಲಿ ಬಿಡುತ್ತಿದ್ದಾನೆ, ಒಳಗೆ ಬರುವುದಕ್ಕೆ ಚಪ್ಪಲಿ ಯಾಕೆ ಬಿಡ್ತೀರಿ ಅಂತ ಹೇಳಬೇಕು, ಮೊದಲು ಇಪ್ಪತ್ತಾರನೇ ಹಾಳೆ —