ನಾಲ್ವರು ಬಿಳಿ ಹುಡುಗಿಯರು ಮತ್ತು ಅಪ್ಪನ ಕೂದಲು

ನನ್ನ ಬಾಯಿಬಡುಕಿ ತಂಗಿಗೆ,

ಅಪ್ಪ ಕೂದಲು ಕತ್ತರಿಸಿಕೊಂಡ! ಸುದ್ದಿಯನ್ನು ಕೊನೆಗಿಟ್ಟು ನಿನ್ನನ್ನು ಸತಾಯಿಸಬೇಕೆಂದಿದ್ದೆ, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಮ್ಮ ಹೋದ ಮೇಲೆ ಇನ್ನೊಬ್ಬರ ಕತ್ತರಿಗೆ ತಲೆ ಕೊಡದವನು, ಹೆಗಲಿಗೆ ಬರುವಷ್ಟು ಕೂದಲು ಬಿಟ್ಟುಕೊಂಡು ನಮ್ಮ ಸಲೂನಿನ ಮೂಲೆಯಲ್ಲಿ ಟವೆಲ್ ಮಡಚುತ್ತ ಕೂತಿರುತ್ತಿದ್ದವನು, ನೀನು ಫೋನ್ ಮಾಡಿದಾಗಲೆಲ್ಲ ಒಂದು ಮಾತಿಗೆ ಎರಡು ಮಾತು ಸೇರಿಸದೆ ನಿನ್ನನ್ನು ಅಳಿಸಿದವನು, ಮೊನ್ನೆ ತಾನಾಗಿ ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕೂತ.

ಹೇಗೆ ಅಂತೀಯಾ? ಅಮ್ಮ ಮಾಡಿಟ್ಟ ನಿಯಮ ನಿನಗೆ ಗೊತ್ತಲ್ಲ: ಕತ್ತರಿಯ ಕೆಳಗೆ ಯಾರ ತಲೆಯಿದೆಯೋ ಅವರದೇ ಹಾಡು. ಉಳಿದವರು ಗೊಣಗಬಹುದು, ನಿಲ್ಲಿಸುವಂತಿಲ್ಲ. ಕಳೆದ ವಾರ ಬಸ್ ಓಡಿಸುವ ಅಕ್ಕ ಬಂದು ಕೂತವಳೇ ಹೊಸ ಆಲ್ಬಂ ಒಂದನ್ನು ಹಾಕಿಸಿದಳು. ನಾಲ್ವರು ಹುಡುಗಿಯರು, ನಾಲ್ವರೂ ಬಿಳಿಯರು, ಹಾಡುವುದು ಹಿಪ್-ಹಾಪ್. ಮೊದಲ ಹಾಡು ಮುಗಿಯುವುದರೊಳಗೆ ಸಲೂನು ಎರಡು ಹೋಳಾಯಿತು.

ತಲೆಗೆ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದ ನರ್ಸಮ್ಮ ಕೆಂಡವಾದಳು. "ಅಮೆರಿಕದ ಕಪ್ಪು ಜನ ಬೀದೀಲಿ ನಿಂತು, ಒದೆ ತಿಂದು ಕಟ್ಟಿದ ಸಂಗೀತ ಇದು. ಇವರು ಬಾಡಿಗೆ ಬಟ್ಟೆ ಥರ ತೊಟ್ಕೊಂಡು ಬಂದಿದ್ದಾರೆ."

"ನಾನು ಸ್ಟೀರಿಂಗ್ ಹಿಡಿದಾಗ್ಲೂ ಇದು ನಿಂದಲ್ಲ ಅಂದಿದ್ರು," ಅಂದಳು ಬಸ್ಸಿನ ಅಕ್ಕ.

"ನಿನ್ನನ್ನ ತಡೆದ್ರು ಕಣೆ. ಇವರನ್ನ ಯಾರು ತಡೆದ್ರು?"

ಆ ಮಾತಿಗೆ ನಾನೂ ತಲೆದೂಗಿದೆ. ಆದರೆ ಮೂರನೇ ಹಾಡಿಗೆ ನನ್ನ ಕಾಲು ಸುಮ್ಮನಿರಲಿಲ್ಲ, ಅದಕ್ಕೇನು ಮಾಡಲಿ? ಎದುರಂಗಡಿಯ ದರ್ಜಿ ಬಾಗಿಲಲ್ಲಿ ನಿಂತು, "ಬೈಗುಳ ತೆಗೆದ್ರೆ ಇದ್ರಲ್ಲಿ ಏನೂ ಉಳಿಯಲ್ಲ" ಅಂದ. ಅಂದವನು ಹೋಗಲೂ ಇಲ್ಲ, ಪೂರ್ತಿ ಕೇಳಿದ.

ಆಗ ಮೂಲೆಯಿಂದ ಒಂದು ದನಿ. "ಅದೆಲ್ಲ ಇರ್ಲಿ. ಆ ನಾಲ್ಕನೆಯವಳು ತಾಳಕ್ಕಿಂತ ಮುಂದೆ ಓಡ್ತಾಳೆ."

ಅಪ್ಪ! ನನ್ನ ಕೈಯ ಬಾಚಣಿಗೆ ಕೆಳಗೆ ಬಿತ್ತು. ವರ್ಷಗಟ್ಟಲೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವನು ಬಾಯಿ ಮುಚ್ಚಿಕೊಂಡಿದ್ದ, ಕಿವಿಯನ್ನಲ್ಲ. ಬಸ್ಸಿನ ಅಕ್ಕ ಬಿಡುತ್ತಾಳೆಯೇ? "ಓಡಲ್ಲ ಅಂಕಲ್, ಬೇಕಂತ್ಲೇ ಮುಂದೆ ಹೋಗ್ತಾಳೆ."

"ಬೇಕಂತ್ಲೇನಾ? ಹಾಕು ಇನ್ನೊಂದ್ಸಲ!"

ಅಷ್ಟರಲ್ಲಿ ಬಸ್ಸಿನ ಅಕ್ಕನ ಕೂದಲು ಕತ್ತರಿಸಿ ಮುಗಿದು ಕುರ್ಚಿ ನರ್ಸಮ್ಮನದಾಗಿತ್ತು. ನರ್ಸಮ್ಮ "ನಂಗೆ ಹಾಡೇ ಬೇಡ" ಅಂತ ಕಣ್ಣು ಮುಚ್ಚಿಕೊಂಡಳು.

ಅಪ್ಪ ಚಡಪಡಿಸಿದ. ಮನೆಯಲ್ಲಿ ಹಾಕುತ್ತೇನೆ ಬಾ ಅಂದರೆ, "ಅಲ್ಲಿ ಯಾರ ಹತ್ರ ಜಗಳ ಆಡ್ಲಿ?" ಅಂತ ನನಗೇ ಗದರಿದ. ಮೊನ್ನೆ ನರ್ಸಮ್ಮ, ಬಸ್ಸಿನ ಅಕ್ಕ ಇಬ್ಬರೂ ಒಟ್ಟಿಗೆ ಸಿಕ್ಕಿದ್ದೇ ತಡ, ಟವೆಲ್ ಬಿಟ್ಟು ಎದ್ದು ಬಂದು ಕುರ್ಚಿಯಲ್ಲಿ ಕೂತ. "ನಿಧಾನಕ್ಕೆ ಕತ್ತರಿಸು. ಆಲ್ಬಂ ಮುಗಿಯೋವರೆಗೂ ಮುಗೀಬಾರ್ದು."

ಮೊದಲ ಎಳೆ ಕತ್ತರಿಸಿದಾಗ ಕನ್ನಡಿಯಲ್ಲಿ ಅವನ ಕಣ್ಣು ತುಂಬಿದ್ದು ಕಂಡಿತು, ನನ್ನದೂ ತುಂಬಿತು. ಆಮೇಲೆ ನಾಲ್ಕನೆಯವಳು ಬಂದಳು ನೋಡು! ಹೊದಿಕೆಯೊಳಗಿಂದ ಕೈ ತೆಗೆದು, ಕುರ್ಚಿಯ ಹಿಡಿಯ ಮೇಲೆ ತಾಳ ಹಾಕುತ್ತ, "ಓಡಿದ್ಲು, ಓಡಿದ್ಲು!" ಅಂತ ಕೂಗಿದ. ಅವನ ಕುಣಿತಕ್ಕೆ ಎಡಗಿವಿಯ ಮೇಲೆ ಕೂದಲು ಸ್ವಲ್ಪ ಜಾಸ್ತಿಯೇ ಹೋಯಿತು. ನರ್ಸಮ್ಮ ಬಿಳಿಯರನ್ನು ಬೈದಳು, ಬಸ್ಸಿನ ಅಕ್ಕ ಎಲ್ಲರನ್ನೂ ಬೈದಳು, ದರ್ಜಿ ಮತ್ತೆ ಬಂದ. ಯಾರೂ ಸೋಲಲಿಲ್ಲ. ನಾನು ಮಾತ್ರ ಅಷ್ಟು ಸಂತೋಷವಾಗಿ ಎಂದೂ ನೆಲ ಗುಡಿಸಿರಲಿಲ್ಲ.

ಈಗ ನಿನ್ನ ಸರದಿ. ಭಾನುವಾರ ಅಪ್ಪನೇ ನಿನಗೆ ಫೋನ್ ಮಾಡುತ್ತಾನಂತೆ. "ಅವಳೇನಂತಾಳೋ ನೋಡ್ಬೇಕು" ಅಂತ ಆಗಲೇ ತೋಳೇರಿಸಿದ್ದಾನೆ. ಅಷ್ಟರೊಳಗೆ ಆಲ್ಬಂ ಪೂರ್ತಿ ಕೇಳಿಟ್ಟುಕೋ. ಅವನು ಹೇಳಿದ್ದು ನಿನಗೆ ಸರಿಯೆನಿಸಬಹುದು, ನನಗೂ ಅನಿಸಿದೆ. ಆದರೂ ನಿನ್ನ ದಮ್ಮಯ್ಯ, ಒಪ್ಪಿಕೊಳ್ಳಬೇಡ. ಒಪ್ಪಿದರೆ ಮಾತು ಮುಗಿದುಹೋಗುತ್ತದೆ.

ನಿನ್ನ ನಾಲಿಗೆ ನೂರು ವರ್ಷ ಹರಿತವಾಗಿರಲಿ.

ಪಕ್ಕದಲ್ಲೇ ಕೂತು ಕದ್ದು ಕೇಳಲಿರುವ,
ನಿನ್ನ ಅಕ್ಕ