ಡಬ್ಬಿಯ ಮೇಲಿನ ಎಲೆ

ಮನೆಯಿಂದ, ಅಂಗಡಿ ಕೋಣೆಯ ಕನ್ನಡಿ ಮುಂದೆ ಕೂತು
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ ಅಂಟಿಸಿ, ಒಳಗೆ ವಿಷ ತುಂಬಿ ನಿನ್ನ ಕೈಗೆ ಕೊಟ್ಟವರು ನಿನ್ನ ಎದೆಯನ್ನು ಸುಟ್ಟರು. ಇದು ಅನ್ಯಾಯ. ಹಣೆಬರಹವಲ್ಲ, ದೊಡ್ಡಮ್ಮ ಹೇಳುವ ‘ವಯಸ್ಸಿನ ದಮ್ಮು’ ಕೂಡ ಅಲ್ಲ. ಇಷ್ಟನ್ನು ಮೊದಲು ಬರೆಯದೆ ಬೇರೆ ಯಾವ ಮಾತಿಗೂ ನನ್ನ ಪೆನ್ನು ಏಳುವುದಿಲ್ಲ, ಕ್ಷಮಿಸು. ಈಗ ಕೇಳುತ್ತೇನೆ, ಹೇಗಿದ್ದೀಯ? ದೊಡ್ಡಮ್ಮನ ಮನೆಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಂತು, ಯಾರಾದರೂ ನೋಡಿದರೆ ಸೆರಗು ಸರಿಮಾಡಿಕೊಳ್ಳುವವಳ ಹಾಗೆ ನಟಿಸುತ್ತೀಯಾ? ಚಪ್ಪಟೆ ಮಲಗಲು ಆಗುತ್ತಿದೆಯೇ, ಇಲ್ಲ ದಿಂಬಿಗೆ ಒರಗಿಯೇ ಇರಬೇಕೇ? ದೊಡ್ಡಮ್ಮ ಆ ಗುಲಾಬಿ ಬಣ್ಣದ ನೆಲ ಒರೆಸುವ ನೀರನ್ನು ಬಿಟ್ಟಿದ್ದಾರೆಯೇ? ಈ ರಾಸಾಯನಿಕಗಳ ಬಗ್ಗೆ ನಾನು ಕಳಿಸಿದ ಕರಪತ್ರದಲ್ಲಿ ಅವರು ಕನ್ನಡಕ ಸುತ್ತಿಟ್ಟಿದ್ದಾರೆಂದು ನೀನು ಬರೆದಿದ್ದೆ. ಇರಲಿ, ಕನ್ನಡಕ ಬಿಚ್ಚುವಾಗಲಾದರೂ ಒಂದು ಸಾಲು ಕಣ್ಣಿಗೆ ಬಿದ್ದೀತು.

ಇಲ್ಲಿ ನಾನೂ ಅಪ್ಪನೂ ಆರೋಗ್ಯವಾಗಿದ್ದೇವೆ. ಮನೆಯ ಗಾಳಿ ಹಸನಾದರೆ ನಿನ್ನನ್ನು ಕರೆತರಬಹುದೆಂದು ಎದೆಯ ಡಾಕ್ಟರ್ ಹೇಳಿದ್ದರಲ್ಲ, ಅಂದಿನಿಂದ ನನಗೆ ಅದೊಂದೇ ಕೆಲಸ. ಫಿನಾಯಿಲ್, ಬಚ್ಚಲಿನ ಆಸಿಡ್, ಬಟ್ಟೆಪುಡಿ, ಕೋಣೆಗೆ ಹೊಡೆಯುವ ಮಲ್ಲಿಗೆ ಸ್ಪ್ರೇ, ಒಂದನ್ನೂ ಉಳಿಸಿಲ್ಲ. ಪಾತ್ರೆಗೂ ಬಟ್ಟೆಗೂ ಅಂಟುವಾಳದ ಕಾಯಿ ಕುದಿಸಿದ ನೀರು, ನೆಲಕ್ಕೆ ನಿಂಬೆಸಿಪ್ಪೆ ನೆನೆಸಿಟ್ಟ ವಿನೆಗರ್, ಬಚ್ಚಲಿಗೆ ಸೋಡಾ. ಅಪ್ಪನ ಗಡ್ಡದ ನೊರೆಡಬ್ಬಿಯನ್ನು ಕಸಿದುಕೊಂಡು ಪಟಿಕದ ಕಲ್ಲು ಕೊಟ್ಟಿದ್ದೇನೆ. ಅವರು ಅದನ್ನು ಕೆನ್ನೆಗೆ ಉಜ್ಜಿಕೊಂಡು, “ಈ ಮನೇಲಿ ಇನ್ನು ಉಳಿದಿರೋ ರಾಸಾಯನಿಕ ನಾನೊಬ್ಬನೇ. ಯಾವತ್ತು ಹೊರಗೆ ಹಾಕ್ತೀಯ ಹೇಳಿಬಿಡು, ಸಾಸಿವೆ ಮಗಾ, ಬಟ್ಟೆ ಜೋಡಿಸಿಟ್ಕೋತೀನಿ” ಎಂದರು. ಅವರ ಯೂನಿಫಾರ್ಮನ್ನು ವಿನೆಗರಿನಲ್ಲಿ ಅದ್ದಿದ ದಿನ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದನಂತೆ, “ಏನಣ್ಣ, ಡ್ರೈವರ್ ಸೀಟ್ ಕೆಳಗೆ ಉಪ್ಪಿನಕಾಯಿ ಭರಣಿ ಒಡೆದು ಹೋಯ್ತಾ?” ಅಪ್ಪ ಇದನ್ನು ಹೇಳಿ ನಕ್ಕರು. ಮರುದಿನವೂ ಅದೇ ಯೂನಿಫಾರ್ಮ್ ಹಾಕಿಕೊಂಡು ಹೋದರು. ನಿನಗಾಗಿ ಅವರು ಏನನ್ನೂ ಹಾಕಿಕೊಳ್ಳುತ್ತಾರೆ.

ನಿನ್ನ ಪಾರ್ಲರಿನ ಅಂಗಡಿ ಕೋಣೆಯದೇ ದೊಡ್ಡ ಯುದ್ಧ. ಕೂದಲು ನೇರ ಮಾಡುವ ಆ ಕ್ರೀಮಿನ ವಾಸನೆ ಪರದೆಯಲ್ಲಿತ್ತು, ಕುರ್ಚಿಯ ರೆಕ್ಸಿನ್ನಿನಲ್ಲಿತ್ತು, ಗೋಡೆಯ ಸುಣ್ಣದೊಳಗೂ ಕೂತಿತ್ತು. ಗೋಡೆ ಕೆರೆದು ಹೊಸ ಸುಣ್ಣ ಹೊಡೆದೆ. ಉಳಿದ ಡಬ್ಬಿಗಳನ್ನು ಚರಂಡಿಗೆ ಸುರಿಯಲು ಮನಸ್ಸಾಗಲಿಲ್ಲ, ಅದು ಇನ್ನೊಬ್ಬರ ಬಾವಿಗೆ ಹೋಗುತ್ತದೆ. ಎಲ್ಲವನ್ನೂ ಚೀಲದಲ್ಲಿ ಹೊತ್ತುಕೊಂಡು ಹೋಗಿ ಅವನ್ನು ನಿನಗೆ ಮಾರುತ್ತಿದ್ದ ಸಗಟು ವ್ಯಾಪಾರಿಯ ಮೇಜಿನ ಮೇಲೆ ಸಾಲಾಗಿ ಇಟ್ಟೆ. “ಕಿಟಕಿ ಮುಚ್ಚಿ ಹಚ್ಚಿ, ಗಾಳಿ ತಾಗಿದ್ರೆ ಕೂದಲು ಕೂರಲ್ಲ” ಎಂದು ನಿನಗೆ ಪಾಠ ಹೇಳಿಕೊಟ್ಟವನು ಅವನೇ ಅಲ್ಲವೇ? ನೀನು ಅದನ್ನು ಅಕ್ಷರಶಃ ಪಾಲಿಸಿದೆ. ಸೆಕೆಗೆ ಬೆವರಿಳಿಯುತ್ತಿದ್ದರೂ ಕಿಟಕಿಯ ಸಂದಿಗೆ ಟವೆಲ್ ತುರುಕಿ ನಿಲ್ಲುತ್ತಿದ್ದೆ. ಡಬ್ಬಿಯ ತಳದಲ್ಲಿ, ಇರುವೆಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಗಾಳಿಯಾಡುವ ಕಡೆ ಮಾತ್ರ ಬಳಸಿ ಎಂದು ಬರೆದಿದೆ. ಅದನ್ನು ಅವನ ಕಣ್ಣೆದುರು ಹಿಡಿದು ಓದಿದೆ. ಎಲೆ ಎಲ್ಲಿದೆ ತೋರಿಸಿ, ಯಾವ ಗಿಡದ್ದು ಹೇಳಿ ಎಂದೆ. ಅವನು ಬೇಸರವೂ ಇಲ್ಲದೆ, “ಅದು ಎಲೆ ಚಿತ್ರ ಅಷ್ಟೇ ಕಣಮ್ಮ. ಒಳಗೆ ಎಲೆ ಇದೆ ಅಂತ ನಿಂಗ್ಯಾರು ಹೇಳಿದ್ರು?” ಎಂದ. ಆಮೇಲೆ, “ನಿಮ್ಮಮ್ಮ ಒಳ್ಳೆ ಗಿರಾಕಿ. ಹುಷಾರಾಗಿ ಬರಲಿ” ಎಂದ. ಆ ಎರಡನೆಯ ಮಾತನ್ನು ನಿಜವಾಗಿ ಮರುಕದಿಂದಲೇ ಹೇಳಿದ, ಅದೇ ನನ್ನನ್ನು ಹೆಚ್ಚು ಉರಿಸಿತು. ಜಗಳಕ್ಕೆಂದು ಹೋದವಳಿಗೆ ಎದುರಾಳಿ ಸಿಗದಿದ್ದರೆ ಆಗುವ ಅವಮಾನ ನಿನಗೆ ಗೊತ್ತಿಲ್ಲ, ನೀನು ಯಾರ ಹತ್ತಿರವೂ ಜಗಳ ಆಡಿದವಳಲ್ಲ.

ನಿನ್ನ ಗಿರಾಕಿಗಳ ಸುದ್ದಿ ಕೇಳಿದ್ದೀಯ. ಪ್ರತಿ ಕಾಗದದಲ್ಲೂ ಕೇಳುತ್ತೀಯ, ನಾನು ಪ್ರತಿ ಸಲ ‘ಎಲ್ಲರೂ ನಿನ್ನನ್ನು ನೆನೆಸುತ್ತಾರೆ’ ಎಂದು ತೇಲಿಸಿಬಿಡುತ್ತೇನೆ. ಈ ಸಲ ಸರಿಯಾಗಿ ಹೇಳುತ್ತೇನೆ. ನೀನು ಹೋದ ಮೇಲೂ ಕೆಲವರು ಬಂದರು. ನಾನು ಕನ್ನಡಿಯ ತುಂಬ ಕರಪತ್ರಗಳನ್ನು ಅಂಟಿಸಿದ್ದೆ: ಯಾವ ಹೆಸರಿನ ವಸ್ತು ಚರ್ಮಕ್ಕೆ ಏನು ಮಾಡುತ್ತದೆ, ಯಾವುದು ಶ್ವಾಸಕೋಶಕ್ಕೆ, ಎಲ್ಲ ಕೆಂಪು ಶಾಯಿಯಲ್ಲಿ. ಬೇಕರಿಯಾಕೆ ಕುರ್ಚಿಯಲ್ಲಿ ಕೂತು ಆಚೀಚೆ ಕತ್ತು ಹೊರಳಿಸಿ ನೋಡಿದರು, “ನನ್ನ ಮುಖ ಎಲ್ಲಿದೆಯಮ್ಮ ಇದರಲ್ಲಿ? ನಾನು ಪರೀಕ್ಷೆಗೆ ಬಂದಿಲ್ಲ, ಕೂದಲು ಕತ್ತರಿಸ್ಕೊಳ್ಳೋಕೆ ಬಂದೆ” ಎಂದು ಎದ್ದುಹೋದರು. ನನಗೆ ಕತ್ತರಿಸಲೂ ಬರುವುದಿಲ್ಲ, ಅದು ಬೇರೆ ಮಾತು. ನೀನು ಕಲಿಸುತ್ತೇನೆಂದಾಗಲೆಲ್ಲ ನಾನು ಲೈಬ್ರರಿಯಲ್ಲಿದ್ದೆ.

ಆಮೇಲೆ ಗಲ್ಲಾ ಅಕ್ಕ ಬಂದರು. ಚಪ್ಪಲಿ ಅಂಗಡಿಯ ಗಲ್ಲಾದಲ್ಲಿ ಕೂರುವ ನಿನ್ನ ಆ ಹಳೆಯ ಗೆಳತಿ, ತಿಂಗಳಿಗೊಮ್ಮೆ ನಿನ್ನಿಂದ ತಲೆ ಕಪ್ಪು ಮಾಡಿಸಿಕೊಳ್ಳುತ್ತಿದ್ದವರು. ಬೈತಲೆಯಲ್ಲಿ ಬಿಳಿ ಕಾಣತೊಡಗಿತ್ತು. ನಾನು ಬಿಳಿ ಕೂದಲಿನ ಘನತೆಯ ಬಗ್ಗೆ ಒಂದು ಭಾಷಣ ಮಾಡಿದೆ. ಅವರು ಕೇಳಿಸಿಕೊಂಡು, “ಘನತೆ ನಿಂಗಿರಲಿ ಮರಿ, ನಮ್ಮ ಸಾಹುಕಾರ್ರಿಗೆ ಗಲ್ಲಾದಲ್ಲಿ ಮುದುಕಿ ಕೂತಿದ್ರೆ ಆಗಲ್ಲ. ಏನಾದ್ರೂ ಹಚ್ಚು” ಎಂದರು. ಹಚ್ಚಿದೆ. ಗಿಡದ್ದೇ ಬಣ್ಣ. ಮೊದಲು ಗೋರಂಟಿ, ಅದು ಕೆಂಪು ಹಿಡಿದ ಮೇಲೆ ನೀಲಿ ಗಿಡದ ಪುಡಿ, ಆಗ ಕಪ್ಪಾಗುತ್ತದೆ. ಅವರು ಸಂಜೆ ಕೆಲಸಕ್ಕೆ ಹೋಗಬೇಕಿತ್ತು. ಎರಡು ಹಚ್ಚಲು ಹೊತ್ತಿಲ್ಲ, ಕೊನೆಗೆ ಬೇಕಾದದ್ದು ಕಪ್ಪು ತಾನೇ ಎಂದು ನಾನು ಗೋರಂಟಿಯನ್ನು ಬಿಟ್ಟು ನೇರ ನೀಲಿಯನ್ನೇ ಬಳಿದೆ. ತೊಳೆದಾಗ ಬೈತಲೆಯುದ್ದಕ್ಕೂ ಪಾರಿವಾಳದ ಕುತ್ತಿಗೆಯ ಹಸಿರು. ಅವರು ಕನ್ನಡಿ ನೋಡಿ, “ನಿನ್ನ ಹೋರಾಟದ ಬಾವುಟ ನನ್ನ ತಲೆ ಮೇಲೇ ಹಾರಿಸಿದೆಯಲ್ಲೇ” ಎಂದರು. ನಗುತ್ತಲೇ ಹೇಳಿದರು, ಆದರೆ ಕಣ್ಣು ತುಂಬಿತ್ತು. ಸಾಹುಕಾರ ಅವರನ್ನು ಗಲ್ಲಾದಿಂದ ಎಬ್ಬಿಸಿ ಹಿಂದಿನ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಲು ಕೂರಿಸಿದ್ದಾನೆ. ಅಲ್ಲಿ ಕಿಟಕಿಯಿಲ್ಲ, ಅಂಟು ಮತ್ತು ರಬ್ಬರಿನ ಘಾಟು. ಒಬ್ಬರ ಎದೆ ಉಳಿಸಲು ಹೊರಟವಳು ಇನ್ನೊಬ್ಬರನ್ನು ಎಂಥಾ ಗಾಳಿಗೆ ತಳ್ಳಿದೆ ನೋಡು.

ಮೊನ್ನೆ ಗೋರಂಟಿ ಕಲಸಿಕೊಂಡು ಅವರ ಮನೆಗೇ ಹೋದೆ, ಸರಿಮಾಡಿಕೊಡುತ್ತೇನೆಂದು. ಅವರು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ಒಳಗೆ ಕೂರಿಸಿದರು, ನೀರು ಕೊಟ್ಟರು, ಬಟ್ಟೆ ಮಾತ್ರ ಬಿಚ್ಚಲಿಲ್ಲ. “ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಈ ತಲೆ ನಿಮ್ಮಮ್ಮನ ಕೈಗೇ ಸೇರಿದ್ದು. ಅವಳು ಬರೋ ತನಕ ಹೀಗೇ ಇರಲಿ. ಯಾವಾಗ ಬರ್ತಾಳೆ, ಅದು ಹೇಳು” ಎಂದರು. ಮುಂದಿನ ತಿಂಗಳು ಎಂದೆ. ಅವರ ಮುಖ ಅರಳಿತು. ಬಾಗಿಲವರೆಗೆ ಬಂದು ನನ್ನ ಮುಂಗೂದಲನ್ನು ಕಣ್ಣಿನಿಂದ ಸರಿಸಿ, “ಪಾರ್ಲರ್ ಮಗಳಿಗೆ ದಾರಿನೇ ಕಾಣ್ತಿಲ್ಲ ನೋಡು” ಎಂದು ತಲೆಗೊಂದು ಮೊಟಕಿದರು. ನಿಜ, ನೀನು ಹೋದ ಮೇಲೆ ಕತ್ತರಿಸಿಕೊಂಡಿಲ್ಲ. ಬೇರೆ ಅಂಗಡಿಗೆ ಹೋಗಲು ಕಾಲು ಬರುವುದಿಲ್ಲ.

ಇನ್ನೊಂದು ಸಂಗತಿ. ಬಾಗಿಲ ಹಿಂದಿನ ಮೊಳೆಗೆ ನಿನ್ನ ನೀಲಿ ಏಪ್ರನ್ ನೇತಾಡುತ್ತಿತ್ತಲ್ಲ. ಮನೆಯೆಲ್ಲ ತೊಳೆದು ಮುಗಿದ ಮೇಲೂ ಎಲ್ಲಿಂದಲೋ ಕ್ರೀಮಿನ ವಾಸನೆ ಬರುತ್ತಿತ್ತು. ಹುಡುಕಿದರೆ ಅದು ಏಪ್ರನ್ನಿನದು. ಅಂಟುವಾಳದಲ್ಲಿ ನೆನೆಸಿದೆ, ವಿನೆಗರಿನಲ್ಲಿ ಅದ್ದಿದೆ, ಬಿಸಿಲಿಗೆ ಹಾಕಿದೆ, ಮತ್ತೆ ನೆನೆಸಿದೆ. ಕೊನೆಗೆ ಅದು ಬರೀ ಬಟ್ಟೆಯ ವಾಸನೆಗೆ ಬಂತು, ಗೆದ್ದೆ ಅಂದುಕೊಂಡೆ. ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದರು, ದಿನವೂ ಹೋಗುವ ಹಾಗೆ ಅಂಗಡಿ ಕೋಣೆಗೆ ಹೋದರು. ದಿನವೂ ಯಾಕೆ ಹೋಗುತ್ತಾರೆಂದು ನಾನು ಯೋಚಿಸಿಯೇ ಇರಲಿಲ್ಲ. ದೀಪ ಹಾಕಲು ಹೋದಾಗ ಅವರು ನಿನ್ನ ಕುರ್ಚಿಯಲ್ಲಿ ಕೂತು ಏಪ್ರನ್ನನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮೂಗಿನ ಹತ್ತಿರ ತಂದರು, ತಿರುಗಿಸಿ ಇನ್ನೊಂದು ಕಡೆ ಮೂಸಿದರು, ಜೇಬಿನೊಳಗೆ ಮುಖ ಇಟ್ಟು ನೋಡಿದರು. “ಒಗೆದುಬಿಟ್ಯಾ” ಎಂದರು, ಅಷ್ಟೇ. ಅದು ವಿಷದ ವಾಸನೆ ಅಪ್ಪಾ ಎಂದೆ. “ಗೊತ್ತು ಮಗಾ. ಅವಳು ಬಂದು ಪಕ್ಕ ಕೂತ್ರೆ ಇದೇ ಬರ್ತಿತ್ತು. ನಂಗೆ ಅವಳದ್ದು ಅಂತ ಬೇರೆ ವಾಸನೆ ಗೊತ್ತೇ ಇಲ್ಲ” ಎಂದರು. ಅಮ್ಮಾ, ನನಗೂ ಅದು ಬಿಟ್ಟು ಬೇರೆ ಗೊತ್ತಿಲ್ಲ ಎಂಬುದು ಆಗಲೇ ಹೊಳೆದದ್ದು. ಚಿಕ್ಕವಳಿದ್ದಾಗ ನಿನ್ನ ಹೊಟ್ಟೆಗೆ ಮುಖ ಒತ್ತಿ ಮಲಗುತ್ತಿದ್ದೆನಲ್ಲ, ನಾನು ಉಸಿರಾಡಿದ್ದೂ ಅದನ್ನೇ, ಅದನ್ನೇ ಅಮ್ಮ ಎಂದುಕೊಂಡಿದ್ದೆ. ನಿನ್ನದೇ ವಾಸನೆ ಹೇಗಿರುತ್ತದೋ ನಮ್ಮಿಬ್ಬರಿಗೂ ಯಾರೂ ತಿಳಿಯಗೊಡಲಿಲ್ಲ. ಕಳ್ಳರು ಅದನ್ನೂ ಕದ್ದರು.

ಈಗ ಮನೆ ಶುಭ್ರವಾಗಿದೆ. ಕಿಟಕಿಗಳೆಲ್ಲ ತೆರೆದಿವೆ. ನೀನು ಬಂದರೆ ಉಸಿರಾಡಬಹುದು, ಅಷ್ಟರಮಟ್ಟಿಗೆ ನನ್ನ ಮಾತು ನಂಬು. ಕೋಣೆ ಮಾತ್ರ ಯಾರೋ ಖಾಲಿ ಮಾಡಿ ಹೋದ ಬಾಡಿಗೆ ಮನೆಯ ಹಾಗಿದೆ. ನಾನು ಮಾತಾಡಿದರೆ ಗೋಡೆಯಿಂದ ತಿರುಗಿ ಬರುತ್ತದೆ.

ಹೊಟ್ಟೆ ತುಂಬ ಊಟ ಮಾಡು. ದೊಡ್ಡಮ್ಮನಿಗೆ ನನ್ನ ನಮಸ್ಕಾರ, ಅವರ ಗುಲಾಬಿ ನೀರಿಗೆ ನನ್ನ ಧಿಕ್ಕಾರ. ಅಪ್ಪ ಏನೂ ಬರೆಯುವುದಿಲ್ಲವಂತೆ, ನೀನು ಸ್ವೆಟರ್ ಹಾಕಿಕೊಳ್ಳುತ್ತೀಯಾ ಎಂದು ಮಾತ್ರ ಕೇಳು ಎಂದರು. ಕೇಳಿದ್ದೇನೆ.

ನಿನ್ನ ಎದೆ ಹಗುರಾಗಲಿ ಎಂದು ದಿನವೂ ಬಯಸುವ,
ನಿನ್ನ ಸಾಸಿವೆ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಹೋದ ಕಾಗದದಲ್ಲಿ ನೀನು ‘ಯಾವಾಗ ಬಂದು ಕತ್ತರಿ ಹಿಡಿಯಲಿ’ ಎಂದು ಕೇಳಿದ್ದೆ, ನಾನು ಬೇಗ ಎಂದು ಬರೆದೆ. ಗಲ್ಲಾ ಅಕ್ಕನಿಗೂ ಹಾಗೇ ಹೇಳಿದೆ. ಅದು ಸುಳ್ಳು. ಅಂದು ಆಸ್ಪತ್ರೆಯಲ್ಲಿ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಡಾಕ್ಟರ್ ನಮಗೆ ಹೇಳಿದ್ದು ಎರಡು ಮಾತು. ಒಂದನ್ನು ನಿನಗೆ ಹೇಳಿದೆವು. ಇನ್ನೊಂದು: ಮನೆಗೆ ಬರಬಹುದು, ಕೆಲಸಕ್ಕೆ ಮರಳುವಂತಿಲ್ಲ. ಕ್ರೀಮು, ಬಣ್ಣ ಮಾತ್ರವಲ್ಲ, ಮುಚ್ಚಿದ ಕೋಣೆಯ ಕೂದಲ ಪುಡಿ, ಬರುವವರ ಸೆಂಟು ಕೂಡ ಇನ್ನು ನಿನ್ನ ಎದೆಗೆ ಆಗದು. ಈಗ ಮಾತ್ರವಲ್ಲ, ಎಂದಿಗೂ. “ಅವಳಿಗೆ ಬರೀಬೇಡ, ಮೊದಲು ಮನೆಗೆ ಬರಲಿ, ಆಮೇಲೆ ತಾನಾಗೇ ಗೊತ್ತಾಗುತ್ತೆ” ಎಂದರು ಅಪ್ಪ. ನಾನು ಒಪ್ಪಿಕೊಂಡೆ. ಅಂದಿನಿಂದ ನಿನಗೆ ಬರೆದ ಪ್ರತಿ ಕಾಗದದ ಮೇಲೂ ಆ ಡಬ್ಬಿಯವರ ಹಾಗೆ ನಾನೂ ಒಂದು ಎಲೆಯ ಚಿತ್ರ ಬರೆದು ಕಳಿಸಿದ್ದೇನೆ. ಇನ್ನು ಆಗುವುದಿಲ್ಲ. ಅಪ್ಪನಿಗೆ ಇವತ್ತೇ ಹೇಳುತ್ತೇನೆ, ಅವರು ಬೈಯುವುದಿಲ್ಲ.

ಗೊತ್ತಿಲ್ಲದೆ ನೀನು ಆ ಖಾಲಿ ಕೋಣೆಗೆ ಕಾಲಿಡಬಾರದು. ಕುರ್ಚಿಯನ್ನು ಮಾರಿಲ್ಲ, ಅದನ್ನು ಏನು ಮಾಡಬೇಕೆಂದು ನೀನೇ ಹೇಳು. ನಾನೂ ಅಪ್ಪನೂ ನೀನಿರುವಲ್ಲಿಗೇ ಬರುತ್ತೇವೆ. ದೊಡ್ಡಮ್ಮನ ಮನೆಯೊಳಗೆ ಬೇಡ, ಕೆರೆ ದಂಡೆಯ ಕಲ್ಲುಬೆಂಚಿನ ಹತ್ತಿರ, ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ, ಕೂದಲು ಉದುರಿದರೂ ಹಾರಿಹೋಗುತ್ತದೆ. ನಿನ್ನ ಕತ್ತರಿ ಬಾಚಣಿಗೆ ತರುತ್ತೇನೆ, ಬರೀ ನೀರಿನಲ್ಲಿ ತಲೆ ತೊಳೆದುಕೊಂಡು ಬರುತ್ತೇನೆ. ಅಳುವುದಿದ್ದರೆ ಅಲ್ಲಿ ಅಳು, ಬೈಯುವುದಿದ್ದರೆ ಬೈ, ಆದರೆ ನನ್ನ ಮುಂಗೂದಲು ಕತ್ತರಿಸಿಕೊಡು. ಈ ಶನಿವಾರ, ಸಂಜೆ ನಾಲ್ಕು ಗಂಟೆಗೆ.