ಟಾರೋ, ಮೇಣವೋ

ಅಪ್ಪಾ,

ನಿಮ್ಮ ವ್ಯಾನಿನ ಚಕ್ರದ ಮೇಲಿನ ತಗಡಿನ ಗೂಡುಗಳಿಗೆ ತುಕ್ಕು ಹಿಡಿಯದಂತೆ ಲೇಪ ಹಾಕಿಸಲು ಇವತ್ತು ಗ್ಯಾರೇಜಿಗೆ ಹೋಗಿದ್ದೆ. ನೀವು ಬಳಿದಿದ್ದ ದಪ್ಪ ಟಾರನ್ನು ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಒತ್ತಿದ. ಅದು ಹಿಡಿಯವರೆಗೂ ಒಳಗಿಳಿಯಿತು. ಬೆಳಿಗ್ಗೆಯಷ್ಟೇ ಮಗಳನ್ನು ಅದರ ಮೇಲಿನ ಸೀಟಿನಲ್ಲೇ ಕೂರಿಸಿದ್ದೆ.

“ತುಕ್ಕು ತಿಂದ ತಗಡು ಕತ್ತರಿಸಿ ಬೇರೆ ವೆಲ್ಡ್ ಮಾಡ್ತೀನಿ. ಆಮೇಲೆ ಟಾರೋ, ಮೇಣವೋ?” ಎಂದ. “ಟಾರು ಗಟ್ಟಿ, ಆದ್ರೆ ಒಳಗೇನಾದ್ರೂ ಗೊತ್ತಾಗಲ್ಲ. ಮೇಣ ವರ್ಷಾವರ್ಷ ಹೊಡೀಬೇಕು, ತುಕ್ಕು ಬಂದ್ರೆ ಕಾಣ್ಸುತ್ತೆ.”

“ಕಾಣೋದೇ ಹಾಕಿ,” ಎಂದೆ.

ಸಂಜೆ ಮನೆ ಮುಂದೆ ವ್ಯಾನು ನಿಲ್ಲಿಸಿದಾಗ ಅಮ್ಮ ಎದೆ ನೀವಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. “ಏನಿಲ್ಲ ಕಣೇ, ಗ್ಯಾಸು,” ಎಂದಳು.

ನಿಮ್ಮ ಕೊನೆಯ ಮಾತೂ ಅದೇ. ನಾವೆಲ್ಲ ನಂಬಿ ಊಟಕ್ಕೆ ಕೂತಿದ್ದೆವು.

ಇವತ್ತು ನಾನು ಎಂಜಿನ್ ಆರಿಸಲಿಲ್ಲ; ಅಮ್ಮನನ್ನು ಹತ್ತಿಸಿಕೊಂಡು ಹೊರಟೆ. ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಅವಳನ್ನು ಒಳಗೆ ಕರೆದೊಯ್ದ ಬಾಗಿಲು ಇನ್ನೂ ತೆರೆದಿಲ್ಲ.